ಬಸ್ಸಿನವರು ಕೊನೆಗೆ

ಕೆಂಗೇರಿ ಉಪನಗರ
೧೪ ಜೂನ್ ೨೦೦೬

'ಪಡುವಣ ಅಂಗಳ' ಪಾಕ್ಷಿಕದ ಅಂಕಣಕಾರರಾದ ಏಕಾಂತಯ್ಯನವರಿಗೆ,

ಕೊಟ್ಟ ಮಾತುಗಳು ಮೂರು. ತಪ್ಪಿದ ಮಾತುಗಳೂ ಮೂರು.

ಅತ್ತಿಗುಪ್ಪೆ ಮೈದಾನಕ್ಕೆ ಗೇಟು ಇರುವುದಿಲ್ಲ ಅಂದಿರಿ. ಇವತ್ತು ಗೇಟಿದೆ, ಬೀಗವಿದೆ, ಬೀಗದ ಕೈ ಖೋ-ಖೋ ತರಬೇತುದಾರ ಗಿರಿರಾಜನ ಸೊಂಟದಲ್ಲಿದೆ.

ಯಾವ ಮೂವರು ಮೊದಲು ಓಡಬೇಕು ಅನ್ನುವುದನ್ನು ಆಟದ ದಿನ ಎಲ್ಲರೆದುರು ಚೀಟಿ ಎತ್ತಿ ತೀರ್ಮಾನಿಸಲಾಗುವುದು ಅಂದಿರಿ. ಆ ಮೈದಾನದಲ್ಲಿ ಚೀಟಿ ಎತ್ತಿ ಹನ್ನೆರಡು ವರ್ಷವಾಯಿತು.

ಆಟಗಾರರ ಯೋಗ್ಯತೆಯನ್ನು ಗಡಿಯಾರ ಹೇಳಬೇಕು, ಮನೆಯ ವಿಳಾಸ ಹೇಳಬಾರದು ಅಂದಿರಿ. ಅದನ್ನು ಮಾತ್ರ ಬಾಯಲ್ಲಿ ಹೇಳಿ ಸುಮ್ಮನಾಗಲಿಲ್ಲ. ೧೯೮೫ರಲ್ಲಿ ಹನ್ನೊಂದು ದಿನ ಆ ಗೇಟಿನ ಮುಂದೆ ಧರಣಿ ಕೂತು, ಗೇಟು ಕಿತ್ತ ದಿನ, ಮೈದಾನದ ಗೋಡೆಯ ಮೇಲೆ ಕೆಮ್ಮಣ್ಣಿನಲ್ಲಿ ನೀವೇ ಬರೆದಿರಿ. ಆಗ ನೀವು ಹೈಸ್ಕೂಲಿನ ಗಣಿತದ ಮೇಷ್ಟ್ರು. ನಾನು ಲೇತ್ ಯಂತ್ರದ ಮುಂದೆ ನಿಲ್ಲುವ ಕೂಲಿ. ಬಕೆಟ್ ಹಿಡಿದವನು ನಾನು. ನನ್ನ ಅಂಗಿಯ ಮೇಲಿನ ಕೆಮ್ಮಣ್ಣು ನನ್ನ ಹೆಂಡತಿ ಹನುಮವ್ವ ಎಷ್ಟು ತಿಕ್ಕಿದರೂ ಹೋಗಲಿಲ್ಲ. ನಿಮ್ಮ ಕೈಯದು ಅವತ್ತೇ ಹೋಗಿರಬೇಕು.

ಈಗ ನಿಮ್ಮ ಜೂನ್ ಮೊದಲನೇ ಸಂಚಿಕೆಯ ಅಂಕಣಕ್ಕೆ ಬರುತ್ತೇನೆ. 'ಪ್ರಶಸ್ತಿ ಗೆದ್ದ ಎಳೆಯರು: ಕೊಳ್ಳಬಹುದೇ?' ಅನ್ನುವ ತಲೆಬರಹ. ಪತ್ರಿಕೆಯ 'ಕಾಗದದ ತಂಡ' ಎಂಬ ಆಟ ನನಗೂ ಗೊತ್ತು. ಓದುಗರಿಗೆ ನೂರು ಅಂಕ ಕೊಡುತ್ತೀರಿ. ಆ ನೂರರೊಳಗೆ ಪಶ್ಚಿಮ ಲೀಗಿನ ಒಂಬತ್ತು ಖೋ-ಖೋ ಆಟಗಾರರನ್ನು ಕೊಂಡು, ಕೂಪನ್ ಮೇಲೆ ಹೆಸರು ಬರೆದು ಕಳಿಸಬೇಕು. ಅವರು ಮೈದಾನದಲ್ಲಿ ಹೇಗೆ ಆಡುತ್ತಾರೋ ಹಾಗೆ ಓದುಗರ ಕಾಗದದ ತಂಡ ಏಳುತ್ತದೆ, ಬೀಳುತ್ತದೆ. ಯಾವ ಆಟಗಾರರಿಗೆ ಎಷ್ಟು ಬೆಲೆ ಅಂತ ನಿರ್ಧರಿಸುವವರು ನೀವು.

ಈ ವರ್ಷ ಎಳೆಯರ ಪ್ರಶಸ್ತಿ ಗೆದ್ದವರು ಮೂವರು. ಅತ್ತಿಗುಪ್ಪೆಯ ವಚನಾಳಿಗೆ ಹದಿನೈದು ಅಂಕ ಹಾಕಿದಿರಿ. ರಾಜಾಜಿನಗರದ ಹನುಮೇಶನಿಗೆ ಹನ್ನೆರಡು. ನನ್ನ ಮಗಳು ನೀಲಾಂಬಿಕಾಳಿಗೆ ಮೂರು. ಅದರ ಕೆಳಗೆ ಬರೆದಿರಿ: 'ಓಡುವಾಗ ಮೈದಾನದಲ್ಲಿ ನಿಲ್ಲುವುದು ಸರಾಸರಿ ಒಂದು ನಿಮಿಷ ಹದಿನೆಂಟು ಸೆಕೆಂಡು. ಪ್ರಶಸ್ತಿ ಸಮಿತಿಗೆ ಕನಿಕರ ಬಂದಿರಬಹುದು. ಕಾಗದದ ತಂಡಕ್ಕೆ ಕನಿಕರ ಬರಬಾರದು. ಕೊಳ್ಳಬೇಡಿ.'

ಆ ಸಾಲನ್ನು ಗಿರಿರಾಜ ಕತ್ತರಿಸಿ ಜೇಬಿನಲ್ಲಿ ಇಟ್ಟುಕೊಂಡಿದ್ದಾನೆ. ರಾಜ್ಯ ಪಂದ್ಯಾವಳಿಗೆ ಹೋಗುವ ಹನ್ನೆರಡು ಹುಡುಗಿಯರ ಕರಡು ಪಟ್ಟಿಯಲ್ಲಿ ನನ್ನ ಮಗಳ ಹೆಸರಿಲ್ಲ. ನವೆಂಬರಿಗೆ ಅವಳಿಗೆ ಹದಿನೆಂಟು ತುಂಬುತ್ತದೆ. ಈ ವರ್ಷ ಬಿಟ್ಟರೆ ಎಳೆಯರ ತಂಡ ಅವಳಿಗೆ ಮತ್ತೆ ಇಲ್ಲ.

ನೀವು ಆಟ ಅಂದುಕೊಂಡು ಹಾಕಿದ ಅಂಕ ಒಂದು ಜೀವದ ಮೇಲೆ ಕೂತಿದೆ. ಉತ್ತರ ಬೇಕು.

ಇಂತಿ,
ದೇವೇಂದ್ರಪ್ಪ


ಅತ್ತಿಗುಪ್ಪೆ
೨೨ ಜೂನ್ ೨೦೦೬

ದೇವೇಂದ್ರಪ್ಪ,

ನನಗೆ 'ನೀವು' ಅನ್ನುವುದನ್ನು ಯಾವಾಗ ಕಲಿತೆ? ಹನ್ನೊಂದು ದಿನ ಒಂದೇ ಜಮಖಾನದ ಮೇಲೆ ಮಲಗಿದ್ದೇವೆ. ಆರು ವರ್ಷ ನನ್ನ ಮನೆ ಮೆಟ್ಟಿಲು ಹತ್ತದೆ ಇದ್ದು, ಈಗ ಅಂಚೆಯಲ್ಲಿ ಮರ್ಯಾದೆ ಕಳಿಸುತ್ತೀಯ.

ಗೇಟು ಹಾಕಿಸಿದವನು ನಾನಲ್ಲ. ಚೀಟಿ ನಿಲ್ಲಿಸಿದವನೂ ನಾನಲ್ಲ. ನಾನು ಆ ಮೈದಾನದ ಯಾವ ಸಮಿತಿಯಲ್ಲೂ ಇಲ್ಲ. ಸಂಜೆ ಬೆಂಚಿನ ಮೇಲೆ ಕೂತು ಆಟ ನೋಡುತ್ತೇನೆ, ಬಂದು ಬರೆಯುತ್ತೇನೆ. ಅಷ್ಟಕ್ಕೂ ನಿನ್ನ ಧ್ವನಿವರ್ಧಕ ಬೇಕೇ?

ಅಂಕದ ವಿಚಾರ. ಪ್ರಶಸ್ತಿ ಕೊಡುವುದು ಹಿಂದಿನ ವರ್ಷಕ್ಕೆ. ಕಾಗದದ ತಂಡ ಕಟ್ಟುವುದು ಮುಂದಿನ ವರ್ಷಕ್ಕೆ. ಇವೆರಡನ್ನೂ ಒಂದೇ ಅಂದುಕೊಳ್ಳುವುದು ಅಭಿಮಾನಿಗಳ ರೋಗ. ಕಳೆದ ಐದು ವರ್ಷಗಳಲ್ಲಿ ಎಳೆಯರ ಪ್ರಶಸ್ತಿ ಪಡೆದವರು ಹದಿನೈದು ಜನ. ಈಗಲೂ ಆಡುತ್ತಿರುವವರು ನಾಲ್ಕು. ಹನ್ನೊಂದು ಜನ ಎರಡು ವರ್ಷದೊಳಗೆ ಮಾಯ. ಹಾಗಾಗಿ ಪ್ರಶಸ್ತಿ ಅಂದ ತಕ್ಷಣ ನಾನು ಮೊದಲು ಅನುಮಾನಿಸುತ್ತೇನೆ, ಆಮೇಲೆ ಅಂಕ ಹಾಕುತ್ತೇನೆ.

ವಚನಾ ಬೆನ್ನಟ್ಟುವಾಗ ಒಂದು ಸರದಿಗೆ ಮೂವರನ್ನಾದರೂ ಮುಟ್ಟುತ್ತಾಳೆ, ಅದೂ ಗಟ್ಟಿ ತಂಡಗಳ ಮೇಲೆ. ಹನುಮೇಶ ಅವಳಿಗಿಂತ ಹೆಚ್ಚು ಜನರನ್ನು ಮುಟ್ಟಿದ್ದಾನೆ, ಆದರೆ ಮುಕ್ಕಾಲು ಪಾಲು ದುರ್ಬಲ ತಂಡಗಳ ಮೇಲೆ. ಅದಕ್ಕೇ ಅವನದು ಹನ್ನೆರಡು. ಅವನ ಅಪ್ಪ ನನಗೆ ಕಾಗದ ಬರೆಯಲಿಲ್ಲ.

ನಿನ್ನ ಮಗಳು ಹದಿನಾಲ್ಕು ಸರದಿ ಓಡಿದ್ದಾಳೆ. ಒಂದೇ ಒಂದು ದಿನ, ಮೇ ಏಳರಂದು, ಐದು ನಿಮಿಷ ಹತ್ತು ಸೆಕೆಂಡು ನಿಂತಳು. ಸಮಿತಿಯವರು ಆ ಒಂದು ದಿನವನ್ನು ನೋಡಿ ಚಪ್ಪಾಳೆ ತಟ್ಟಿದರು. ಅದನ್ನು ಬಿಟ್ಟರೆ ಉಳಿದ ಹದಿಮೂರು ಸರದಿಗಳಿಗೆ ಸರಾಸರಿ ಒಂದು ನಿಮಿಷ. ಒಂದು ದಿನದ ಅದೃಷ್ಟಕ್ಕೆ ಮೂರು ಅಂಕವೇ ಜಾಸ್ತಿ ಅಂತ ನನ್ನ ಸಂಪಾದಕರು ಹೇಳಿದರು. ಮೂರಕ್ಕೆ ನಿಲ್ಲಿಸಿದ್ದು ನಾನು.

ಗಿರಿರಾಜ ನನ್ನ ಅಂಕಣವನ್ನು ಜೇಬಲ್ಲಿ ಇಟ್ಟುಕೊಂಡರೆ ಅದು ಅವನ ಸೋಮಾರಿತನ. ಅವನನ್ನು ಕೇಳು.

ಏಕಾಂತಯ್ಯ


ಕೆಂಗೇರಿ ಉಪನಗರ
೫ ಜುಲೈ ೨೦೦೬

ಏಕಾಂತಯ್ಯ,

ಸರಿ, ನೀನು ಅಂತಲೇ ಕರೆಯುತ್ತೇನೆ. ಬಯ್ಯುವುದಕ್ಕೂ ಅದೇ ಅನುಕೂಲ.

ಹನ್ನೊಂದು ಜನ ಮಾಯ ಅಂತ ಬರೆದಿದ್ದೀಯ. ಮಾಯವಾಗುವುದಕ್ಕೆ ಅವರೇನು ಮಂಜೇ? ಎಲ್ಲಿ ಹೋದರು ಅಂತ ಒಬ್ಬರನ್ನಾದರೂ ಹುಡುಕಿದೆಯಾ? ೨೦೦೨ರಲ್ಲಿ ಪ್ರಶಸ್ತಿ ಗೆದ್ದ ಜಯದೇವಿ ಮೈಸೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ ಅಂಗಿಗೆ ಗುಂಡಿ ಹಚ್ಚುತ್ತಾಳೆ. ಬೆಳಿಗ್ಗೆ ಬಸ್ಸು ಹೊರಟ ಮೇಲೆ ಓಡಿಬಂದು ಹತ್ತುತ್ತಾಳೆ. ಅದೇ ಹೆಜ್ಜೆ, ಅದೇ ತಿರುಗು. ಕಂಡಕ್ಟರ್ 'ಏನಮ್ಮ, ಚಿರತೆ ಥರ ಬರ್ತೀಯ' ಅಂತಾನೆ. ಅವಳು ಆಟ ಬಿಟ್ಟಿದ್ದಲ್ಲ. ಆ ವರ್ಷ ಅಭ್ಯಾಸದ ಹೊತ್ತನ್ನು ಬೆಳಿಗ್ಗೆ ಆರೂವರೆಗೆ ಬದಲಿಸಿ ಅವಳನ್ನು ಬಿಡಿಸಿದರು. ನಿನ್ನ ಪಟ್ಟಿಯಲ್ಲಿ ಅದಕ್ಕೆ ಒಂದು ಕಾಲಂ ಇದೆಯೇನು?

ಇನ್ನು ನಿನ್ನ ಸರಾಸರಿ. ನಿನಗೆ ಆಟ ಹೇಳಿಕೊಡುವ ಗತಿ ಬಂತು ನನಗೆ. ಒಂದು ಸರದಿ ಒಂಬತ್ತು ನಿಮಿಷ. ಓಡುವವರು ಮೂವರು ಮೂವರಾಗಿ ಇಳಿಯುತ್ತಾರೆ. ಮೊದಲ ಮೂವರು ಔಟಾದ ಮೇಲೆ ಎರಡನೇ ಮೂವರು, ಅವರೂ ಔಟಾದ ಮೇಲೆ ಮೂರನೇ ಮೂವರು. ನೀಲಾ ಹದಿನಾಲ್ಕು ಸರದಿಯಲ್ಲೂ ಮೂರನೇ ಮೂವರಲ್ಲಿ ಇಳಿದವಳು. ಅವಳು ಇಳಿಯುವ ಹೊತ್ತಿಗೆ ಒಂಬತ್ತರಲ್ಲಿ ಎಂಟು ನಿಮಿಷ ಮುಗಿದಿರುತ್ತದೆ. ಒಂದು ನಿಮಿಷ ಓಡುತ್ತಾಳೆ, ಶಿಳ್ಳೆ ಆಗುತ್ತದೆ. ಅವಳು ಔಟಾಗಲಿಲ್ಲ ಮಾರಾಯಾ, ಹೊತ್ತು ಔಟಾಯಿತು.

ಮೇ ಏಳರ ಅದೃಷ್ಟದ ಕಥೆ ಕೇಳು. ಅವತ್ತು ಮುಂದಿನ ಆರು ಜನ ಬೇಗ ಬಿದ್ದರು. ನೀಲಾ ಇಳಿದಾಗ ಗಡಿಯಾರದಲ್ಲಿ ಮೂರು ನಿಮಿಷ ಐವತ್ತು ಸೆಕೆಂಡು. ಓಡಿದ್ದು ಐದು ನಿಮಿಷ ಹತ್ತು ಸೆಕೆಂಡು. ಗಣಿತದ ಮೇಷ್ಟ್ರೇ, ಕೂಡಿಸು.

ಯಾಕೆ ಮೂರನೇ ಮೂವರು ಅಂತ ಗಿರಿರಾಜನನ್ನು ಕೇಳು ಅಂದೆಯಲ್ಲ, ಕೇಳಿದೆ. ಮೊನ್ನೆ ಭಾನುವಾರ ಗೇಟಿನ ಹತ್ತಿರ ನಿಲ್ಲಿಸಿದೆ.

"ನೋಡಿ ಸಾರ್, ಕೆಂಗೇರಿ ಕಡೆ ಹುಡುಗೀರು ಬಸ್ಸಲ್ಲಿ ಬರ್ತಾರೆ. ಲೇಟಾಗುತ್ತೆ. ಅದಕ್ಕೆ ಬಸ್ಸಿನವರು ಕೊನೆಗೆ. ಇದು ನಮ್ ಪದ್ಧತಿ."

"ನೀಲಾ ಒಂದು ದಿನ ಲೇಟಾಗಿದಾಳೇನಪ್ಪ?"

"ಇಲ್ಲ ಸಾರ್. ಆದ್ರೆ ಆಗ್ಬೋದಲ್ಲ?"

"ಮೈದಾನದ ಹಿಂದಿನ ಮನೆಯವರು? ವಚನಾ ಎರಡು ಸಲ ಶೂ ಹುಡುಕ್ತಾ ಲೇಟಾಗಿ ಬಂದ್ಲಲ್ಲ?"

"ಅವ್ರ ಮನೆ ಇಲ್ಲೇ ಇದೆಯಲ್ಲ ಸಾರ್, ಹೋಗಿ ಕರ್ಕೊಂಡ್ ಬರ್ಬೋದು." ಆಮೇಲೆ ಜೇಬಿನಿಂದ ನಿನ್ನ ಅಂಕಣ ತೆಗೆದ. "ನಾನೇನ್ ಮಾಡ್ಲಿ ಹೇಳಿ. ಏಕಾಂತಯ್ಯ ಸಾರೇ ಮೂರು ಹಾಕವ್ರೆ. ನಿಮ್ ಫ್ರೆಂಡೇ ಅಲ್ವಾ?"

ಕೇಳಿಸಿತೇ? ಅವನು ಮೊದಲು ಕೊನೆಗೆ ತಳ್ಳುತ್ತಾನೆ. ನೀನು ಕೊನೆಯಲ್ಲಿ ಇದ್ದಾಳೆ ಅಂತ ಬೆಲೆ ಇಳಿಸುತ್ತೀಯ. ಆಮೇಲೆ ಅವನು ಬೆಲೆ ಇಳಿದಿದೆ ಅಂತ ಹೊರಗೆ ಹಾಕುತ್ತಾನೆ. ಇಬ್ಬರ ಕೈಯೂ ಸ್ವಚ್ಛ. ಇದನ್ನು ಎಂಬತ್ತೈದರಲ್ಲಿ ನಾವು ಏನಂತ ಕರೆಯುತ್ತಿದ್ದೆವು, ನೆನಪಿದೆಯೇ? ಭಾಷಣ ಬರೆದುಕೊಟ್ಟವನು ನೀನೇ.

ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕು. ಇಲ್ಲದಿದ್ದರೆ ನಿನ್ನ ಪತ್ರಿಕೆಯ ಬಾಗಿಲಲ್ಲಿ ಕೂರುತ್ತೇನೆ. ಕೂರುವುದು ನನಗೆ ಮರೆತಿಲ್ಲ.

ದೇವೇಂದ್ರಪ್ಪ


ಅತ್ತಿಗುಪ್ಪೆ
೨೯ ಜುಲೈ ೨೦೦೬

ದೇವೇಂದ್ರ,

ತಡವಾಗಿ ಬರೆಯುತ್ತಿದ್ದೇನೆ. ಕಾರಣ, ನಿನ್ನ ಕಾಗದ ಓದಿದ ಮೇಲೆ ಲೀಗಿನ ಕಚೇರಿಗೆ ಹೋಗಿ ಸ್ಕೋರ್ ಶೀಟುಗಳ ನಕಲು ಕೇಳಿದೆ. ಹದಿನೈದು ದಿನ ಓಡಾಡಿಸಿದರು. ಕೊನೆಗೆ ಕೊಟ್ಟರು. ಹದಿನಾಲ್ಕು ಸರದಿಯ ಹಾಳೆಗಳನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ಕೂತುಕೊಂಡು ನೋಡು. ನಿಂತು ನೋಡಬೇಡ.

ಓಡಿದವರು ಶಿಳ್ಳೆಯವರೆಗೆ ಔಟಾಗದೆ ಉಳಿದರೆ ಅವರ ನಿಮಿಷದ ಮುಂದೆ ನಕ್ಷತ್ರದ ಗುರುತು ಹಾಕಬೇಕು. ಗುರುತಿಲ್ಲದಿದ್ದರೆ ಔಟು. ಇದು ಲೀಗಿನ ನಿಯಮ. ನಾನು ಪಟ್ಟಿ ಮಾಡುವುದು ಈ ಹಾಳೆಗಳಿಂದಲೇ.

ನೀಲಾಂಬಿಕಾಳ ಹದಿನಾಲ್ಕು ನಿಮಿಷಗಳ ಮುಂದೆ ಒಂದೇ ಒಂದು ನಕ್ಷತ್ರವಿಲ್ಲ. ಅದೇ ಹಾಳೆಯಲ್ಲಿ, ಅದೇ ಶಾಯಿಯಲ್ಲಿ, ಅವಳ ಗೆಳತಿ ಶಿಲ್ಪಾಳ ಹೆಸರಿನ ಮುಂದೆ ಇದೆ. ವಚನಾಳ ಹೆಸರಿನ ಮುಂದೆಯಂತೂ ಐದು ಮೂಲೆಯ ನಕ್ಷತ್ರ, ಮದುವೆ ಕಾಗದದ ಮೇಲೆ ಬಿಡಿಸಿದ ಹಾಗಿದೆ.

ಈ ವರ್ಷ ನಿಮ್ಮ ತಂಡದ ಸ್ಕೋರು ಬರೆದವನು ಯಾರು ಅಂತ ನಾನು ಹೇಳಬೇಕೇ? 'ನಿ' ಅಕ್ಷರದ ಗುಡಿಸನ್ನು ಹೀಗೆ ಕೊಕ್ಕೆ ಹಾಕಿ ಬರೆಯುವವನು ಇಡೀ ಪಶ್ಚಿಮ ಬೆಂಗಳೂರಿನಲ್ಲಿ ಒಬ್ಬನೇ. ಎಂಬತ್ತೈದರ ಕರಪತ್ರಗಳನ್ನೆಲ್ಲ ಬರೆದ ಕೈ ಅದು. ಪ್ರತಿ ಹಾಳೆಯ ಕೆಳಗೆ ರುಜುವೂ ಇದೆ.

ನನ್ನನ್ನು ದ್ರೋಹಿ ಅಂದೆ. ಗೋಡೆ, ಕೆಮ್ಮಣ್ಣು, ಧರಣಿ, ಎಲ್ಲ ತಂದೆ. ನಿನ್ನ ಮಗಳ ಹದಿನಾಲ್ಕು ಸರದಿಯನ್ನು ಸಾಯಿಸಿದ ಪೆನ್ನು ನಿನ್ನ ಅಂಗಿ ಜೇಬಿನಲ್ಲೇ ಇತ್ತು.

ಈಗ ಬಂದು ಪತ್ರಿಕೆಯ ಬಾಗಿಲಲ್ಲಿ ಕೂರು. ಜಮಖಾನ ನಾನೇ ಹಾಸುತ್ತೇನೆ.

ಏಕಾಂತಯ್ಯ


ಕೆಂಗೇರಿ ಉಪನಗರ
೧೬ ಆಗಸ್ಟ್ ೨೦೦೬

ಏಕಾಂತಯ್ಯ ಸಾರ್‌ಗೆ,

ನಾನು ನೀಲಾಂಬಿಕಾ. ನಿಮ್ಮ ಮೂರು ಅಂಕದವಳು. ಎರಡನೇ ಪಿಯುಸಿ ಓದುತ್ತಿದ್ದೇನೆ. ಅಪ್ಪನಿಗೆ ಹೇಳದೆ ಬರೆಯುತ್ತಿದ್ದೇನೆ.

ನಿಮ್ಮ ಕಾಗದ ಬಂದ ದಿನದಿಂದ ಅಪ್ಪ ಯಾರ ಜೊತೆಗೂ ಜಗಳ ಆಡಿಲ್ಲ. ಅದು ನಮ್ಮ ಮನೆಯಲ್ಲಿ ಕಾಯಿಲೆಯ ಲಕ್ಷಣ. ಹಾಳೆಗಳನ್ನು ಟ್ರಂಕಿನ ಮೇಲೆ ಜೋಡಿಸಿಕೊಂಡು ಕೂತಿರುತ್ತಾರೆ. ನಿನ್ನೆ ಸ್ವಾತಂತ್ರ್ಯ ದಿನಾಚರಣೆಗೆ ಭಾಷಣಕ್ಕೆ ಕರೆದರೂ ಹೋಗಲಿಲ್ಲ.

ನಕ್ಷತ್ರ ಯಾಕೆ ಹಾಕಲಿಲ್ಲ ಅಂತ ನಿಮಗೆ ಗೊತ್ತಿಲ್ಲ. ನನಗೆ ಗೊತ್ತು, ನಾನು ಅಲ್ಲೇ ನಿಂತಿದ್ದೆ. ಲೀಗಿನ ಮೊದಲನೇ ದಿನ ಅಪ್ಪ ಪೆನ್ನು ಹಿಡಿದು ಮೇಜಿನ ಹತ್ತಿರ ಕೂತಾಗ ಗಿರಿರಾಜ್ ಸಾರ್ ಎಲ್ಲರಿಗೂ ಕೇಳೋ ಹಾಗೆ ಅಂದರು: "ಬರೆಯೋನು ಅಪ್ಪ, ಓಡೋಳು ಮಗಳು. ಈ ಸಲ ಸೋಲೋ ಮಾತೇ ಇಲ್ಲ ಬಿಡ್ರಪ್ಪ." ಎಲ್ಲರೂ ನಕ್ಕರು. ಅಪ್ಪನೂ ನಕ್ಕರು. ಅವತ್ತಿನಿಂದ ನನ್ನ ಹೆಸರಿನ ಮುಂದೆ ನಿಮಿಷ ಮಾತ್ರ ಬರೆದರು. ನಾನು ಔಟಾದೆ ಅಂತ ಎದುರಾಳಿಗಳಿಗೆ ಹೆಚ್ಚಿನ ಅಂಕ ಬರೆದಿಲ್ಲ, ತಂಡದ ಫಲಿತಾಂಶ ಬದಲಾಗಲಿಲ್ಲ. ನನ್ನದು ಮಾತ್ರ ಖಾಲಿ.

ಮನೆಯಲ್ಲಿ ಕೇಳಿದೆ. "ಮಂದಿ ಮಕ್ಕಳದ್ದು ಸರಿಯಾಗಿರಲಿ. ನಮ್ಮದು ಇರಲಿ ಬಿಡು, ಗೊತ್ತಿದ್ದವರಿಗೆ ಗೊತ್ತಾಗತೈತಿ" ಅಂದರು. ಅವ್ವ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, "ಊರ ಮಂದೀಗೆಲ್ಲ ನ್ಯಾಯ ಕೇಳ್ತೀರಿ. ಮಗಳ ಹೆಸರಿಗೆ ಒಂದು ಚುಕ್ಕಿ ಇಡಾಕ ಕೈ ಸುಡತೈತೇನ್ರಿ?" ಅಂದಳು. ನಾನು ಆಗಲೇ ಜಗಳ ಮಾಡಬೇಕಿತ್ತು. ಅಪ್ಪ ದೊಡ್ಡ ಮನುಷ್ಯ ಅಂದುಕೊಂಡು ಸುಮ್ಮನಾದೆ. ಅದು ನನ್ನ ತಪ್ಪು.

ಸಾರ್, ನಿಮ್ಮಿಬ್ಬರ ಕಾಗದಗಳನ್ನೂ ಓದಿದ್ದೇನೆ. ಎರಡರಲ್ಲೂ ನಾನು ಇದ್ದೇನೆ, ಆದರೆ ನೀವಿಬ್ಬರೂ ಮಾತಾಡುತ್ತಿರುವುದು ನಿಮ್ಮಿಬ್ಬರ ಬಗ್ಗೆ. ಎಂಬತ್ತೈದರಲ್ಲಿ ನಾನು ಹುಟ್ಟಿರಲಿಲ್ಲ. ಗೋಡೆ ಮೇಲೆ ಏನು ಬರೆದಿತ್ತು ಅಂತ ನನಗೆ ಗೊತ್ತಿಲ್ಲ, ಈಗ ಅಲ್ಲಿ ಸುಣ್ಣ ಹೊಡೆದಿದ್ದಾರೆ. ನನಗೆ ಗೊತ್ತಿರುವುದು ಇಷ್ಟು: ಕೊನೆಯ ಪಟ್ಟಿ ಮಾಡಲು ಸೆಪ್ಟೆಂಬರಿನಲ್ಲಿ ಆಯ್ಕೆ ಪರೀಕ್ಷೆ ಇದೆ. ಒಂಬತ್ತು ನಿಮಿಷದ ಒಂದೇ ಸರದಿ. ಮತ್ತೆ ಮೂರನೇ ಮೂವರಲ್ಲಿ ಇಳಿಸಿದರೆ ಮತ್ತೆ ಒಂದು ನಿಮಿಷ ಓಡುತ್ತೇನೆ, ಶಿಳ್ಳೆ ಆಗುತ್ತದೆ, ಮನೆಗೆ ಬರುತ್ತೇನೆ. ನನ್ನನ್ನು ಒಂದು ಸಲ ಮೊದಲು ಇಳಿಸಿ. ಎರಡು ನಿಮಿಷಕ್ಕೆ ಔಟಾದರೆ ನಿಮ್ಮ ಮೂರು ಅಂಕವೇ ಸರಿ, ನಾನೇ ಒಪ್ಪಿಕೊಳ್ಳುತ್ತೇನೆ.

ಇನ್ನೊಂದು. ಕನಿಕರ ಬಂತು ಅಂತ ನನ್ನ ಅಂಕ ಹೆಚ್ಚಿಸಬೇಡಿ. ನಾನೂ ಶಿಲ್ಪಾನೂ ನಿಮ್ಮ ಕೂಪನ್ ತುಂಬಿದ್ದೇವೆ. ಕೆಂಗೇರಿ ಬಸ್ಸಿನ ಐದೂ ಹುಡುಗಿಯರು ಮೂರು ಮೂರು ಅಂಕಕ್ಕೆ ಸಿಕ್ಕಿದರು. ಉಳಿದ ಎಂಬತ್ತೈದರಲ್ಲಿ ವಚನಾ, ಹನುಮೇಶ ಇಬ್ಬರನ್ನೂ ಕೊಂಡೆವು, ಇನ್ನಿಬ್ಬರು ದೊಡ್ಡವರನ್ನೂ ಕೊಂಡೆವು. ವಚನಾ ಒಳ್ಳೆಯ ಆಟಗಾರ್ತಿ ಸಾರ್, ಅವಳ ಮೇಲೆ ನನಗೆ ಸಿಟ್ಟಿಲ್ಲ. ಈಗ ನೀವು ಬೆಲೆ ಏರಿಸಿದರೆ ನಮ್ಮ ತಂಡ ಕೆಡುತ್ತದೆ.

ನೀಲಾಂಬಿಕಾ


ಅತ್ತಿಗುಪ್ಪೆ
೨ ಸೆಪ್ಟೆಂಬರ್ ೨೦೦೬

ದೇವೇಂದ್ರ,

ನಿನ್ನ ಮಗಳು ನನಗೆ ಕಾಗದ ಬರೆದಿದ್ದಾಳೆ. ಅವಳನ್ನು ಬಯ್ಯಬೇಡ. ಬಯ್ಯುವ ಯೋಗ್ಯತೆ ಸದ್ಯಕ್ಕೆ ನಮ್ಮಿಬ್ಬರಿಗೂ ಇಲ್ಲ.

ರೆಫರಿ ರಾಮಯ್ಯನವರ ಮನೆಗೆ ಹೋಗಿದ್ದೆ. ಅವರು ಪ್ರತಿ ಶಿಳ್ಳೆಯ ಹೊತ್ತನ್ನೂ, ಯಾರು ಔಟು, ಯಾರು ಉಳಿದರು ಅನ್ನುವುದನ್ನೂ ತಮ್ಮ ಪಾಕೆಟ್ ಪುಸ್ತಕದಲ್ಲಿ ಬರೆದಿಡುತ್ತಾರೆ. ಯಾರೂ ಯಾವತ್ತೂ ಕೇಳಿರಲಿಲ್ಲವಂತೆ. ಹದಿನಾಲ್ಕು ಸರದಿಗಳಲ್ಲಿ ನೀಲಾಂಬಿಕಾ ಔಟಾಗಿರುವುದು ಎರಡು ಸಲ. ಅವಳು ಓಡಿದ ಹೊತ್ತನ್ನೆಲ್ಲ ಕೂಡಿಸಿದರೆ ಹದಿನೆಂಟು ನಿಮಿಷ ಹನ್ನೆರಡು ಸೆಕೆಂಡು. ಎರಡರಿಂದ ಭಾಗಿಸಿದೆ. ಅವಳನ್ನು ಒಂದು ಸಲ ಔಟು ಮಾಡುವುದಕ್ಕೆ ಒಂಬತ್ತು ನಿಮಿಷ ಆರು ಸೆಕೆಂಡು ಬೇಕು. ಒಂದು ಇಡೀ ಸರದಿಗಿಂತ ಆರು ಸೆಕೆಂಡು ಹೆಚ್ಚು.

ಎರಡೇ ಔಟಿನ ಮೇಲೆ ನಾನು ಗೋಪುರ ಕಟ್ಟುವುದಿಲ್ಲ. ಕೊನೆಯ ನಿಮಿಷದಲ್ಲಿ ಬೆನ್ನಟ್ಟುವವರೂ ದಣಿದಿರುತ್ತಾರೆ, ಅದನ್ನೂ ಕಳೆಯಬೇಕು. ಮೊದಲ ಮೂವರಲ್ಲಿ ಇಳಿದರೆ ಅವಳು ಎಷ್ಟು ನಿಲ್ಲುತ್ತಾಳೋ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಅನ್ನುವುದೇ ನಾನು ಬರೆಯಬೇಕಿದ್ದ ಸತ್ಯ. ಅದರ ಬದಲು ಕನಿಕರ ಅಂತ ಬರೆದೆ. ಔಟು ಮಾಡಿ ಎದುರಾಳಿಗಳು ಗಳಿಸಿದ ಒಟ್ಟು ಅಂಕದ ಜೊತೆ ಒಂದು ಸಲ ತಾಳೆ ನೋಡಿದ್ದರೆ ನಿನ್ನ ಖಾಲಿ ಜಾಗ ಅವತ್ತೇ ಸಿಕ್ಕಿಬೀಳುತ್ತಿತ್ತು. ನೋಡಲಿಲ್ಲ. ಹುಡುಗಿಗೆ ಮೂರು ಅಂಕ ಹಾಕುವಾಗ ಯಾರೂ ತಾಳೆ ನೋಡುವುದಿಲ್ಲ. ಹದಿನೈದು ಹಾಕುವಾಗ ನಾಲ್ಕು ಸಲ ನೋಡುತ್ತೇವೆ.

ಜಯದೇವಿಯನ್ನೂ ಕಂಡು ಬಂದೆ. ಫ್ಯಾಕ್ಟರಿ ಬಿಡುವ ಹೊತ್ತಿಗೆ ಗೇಟಿನ ಎದುರು ನಿಂತಿದ್ದೆ. ಗುರುತು ಹಿಡಿದಳು.

"ಸಾರ್, ಆಗ ನನಗೆ ಎಷ್ಟು ಹಾಕಿದ್ರಿ?"

"ಹನ್ನೊಂದು ಕಣಮ್ಮ."

"ಈಗ ಎಷ್ಟು ಹಾಕ್ತೀರಾ?"

ನಗುತ್ತಲೇ ಕೇಳಿದಳು. ಬಸ್ಸು ಬಂತು, ಓಡಿದಳು. ನಾನು ಅಲ್ಲೇ ನಿಂತಿದ್ದೆ.

ಮುಂದಿನ ಸಂಚಿಕೆಗೆ ಅಂಕಣ ಬರೆದು ಕೊಟ್ಟಿದ್ದೇನೆ. ತಲೆಬರಹ 'ಮೂರನೇ ಮೂವರು'. ಅಂಕ ಬದಲಿಸಿಲ್ಲ, ಅದು ಅವಳ ಆಜ್ಞೆ. ಯಾರು ಯಾವ ನಿಮಿಷಕ್ಕೆ ಇಳಿದರು, ಅವರ ಮನೆ ಎಲ್ಲಿದೆ ಅನ್ನುವ ಎರಡು ಕಾಲಂ ಮಾತ್ರ ಅಕ್ಕಪಕ್ಕ ಅಚ್ಚು ಹಾಕಿಸಿದ್ದೇನೆ. ಓದುಗರಿಗೆ ಕಣ್ಣಿದೆ.

ಗಿರಿರಾಜನ ಹತ್ತಿರ ಹೋಗಿ ಚೀಟಿ ಎತ್ತು ಅಂದೆ. "ಚೀಟಿ ಗೀಟಿ ಎಲ್ಲ ನಿಮ್ ಕಾಲಕ್ಕಾಯ್ತು ಸಾರ್" ಅಂದ. ಆಯ್ಕೆ ಪರೀಕ್ಷೆಗೆ ಬೆಳಿಗ್ಗೆ ಆರೂವರೆಗೆ ಗೇಟು ಮುಚ್ಚುತ್ತಾನಂತೆ. ಕೆಂಗೇರಿಯಿಂದ ಮೊದಲ ಬಸ್ಸು ಆರು ನಲವತ್ತಕ್ಕೆ ಬರುವುದು ಅಂತ ನೆನಪಿಸಿದೆ. "ಬಸ್ಸು ಲೇಟಾದ್ರೆ ಅದು ನನ್ ತಪ್ಪಾ ಸಾರ್?" ಅಂದ. ಅವತ್ತು ನನಗೆ ನಿನ್ನ ನೆನಪಾಯಿತು. ನೀನಾಗಿದ್ದರೆ ಅಲ್ಲೇ ನೆಲದ ಮೇಲೆ ಕೂರುತ್ತಿದ್ದೆ. ನಾನು ಮನೆಗೆ ಬಂದೆ.

ಹಿಂದಿನ ರಾತ್ರಿ ಐದೂ ಹುಡುಗಿಯರು ನನ್ನ ಮನೆಯಲ್ಲಿ ಮಲಗಲಿ. ಮೈದಾನಕ್ಕೆ ಎರಡು ನಿಮಿಷದ ದಾರಿ. ನನ್ನ ಹೆಂಡತಿ ಬಸವರಾಜೇಶ್ವರಿ ಆ ಹುಡುಗಿಯರಿಗೆ ಚಾಪೆ ಎತ್ತಿಟ್ಟಿದ್ದಾಳೆ, ನಿನ್ನನ್ನು ಕೇಳದೆಯೇ.

ನಿನ್ನನ್ನು ಕ್ಷಮಿಸಿಲ್ಲ. ಪ್ರಾಮಾಣಿಕನೆನಿಸಿಕೊಳ್ಳುವುದಕ್ಕೆ ಮಗಳ ಒಂದು ವರ್ಷ ಕೊಟ್ಟುಬಿಟ್ಟೆ. ಅದು ನಿನ್ನದಾಗಿರಲಿಲ್ಲ.

ಏಕಾಂತಯ್ಯ


ಕೆಂಗೇರಿ ಉಪನಗರ
೧೦ ಸೆಪ್ಟೆಂಬರ್ ೨೦೦೬

ಏಕಾಂತಯ್ಯ,

ತಪ್ಪಿದ ಮಾತುಗಳು ಮೂರು ಅಂತ ಜೂನಿನಲ್ಲಿ ಬರೆದಿದ್ದೆ. ನಾಲ್ಕು ಅಂತ ತಿದ್ದಿಕೋ. ನಾಲ್ಕನೆಯದು ನನ್ನದು. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ ಅಂತ ಹಾಳೆಯ ಕೆಳಗೆ ಹದಿನಾಲ್ಕು ಸಲ ರುಜು ಹಾಕಿ, ಹನ್ನೆರಡು ಸಲ ಸುಳ್ಳು ಬರೆದೆ. ನನ್ನ ಮಗಳು ಅಂತ ಹೆಚ್ಚು ಬರೆದರೆ ಸುಳ್ಳು, ಕಡಿಮೆ ಬರೆದರೆ ತ್ಯಾಗ ಅಂದುಕೊಂಡಿದ್ದೆ. ಎರಡೂ ಸುಳ್ಳೇ. ಗಿರಿರಾಜನ ಒಂದು ನಗೆಗೆ ಹೆದರಿದೆ. ಲಾಠಿಗೆ ಹೆದರದವನು ನಗೆಗೆ ಹೆದರಿದೆ. ಇದನ್ನು ನೀಲಾಳ ಮುಂದೆ, ಅವಳ ಅವ್ವನ ಮುಂದೆ ಹೇಳಿದ್ದೇನೆ. ಹನುಮವ್ವ, "ಇಷ್ಟ ದಿನ ಯಾಕ ಬೇಕಾಯ್ತು?" ಅಂದಳು. ನೀಲಾ ಶೂಗೆ ಲೇಸು ಕಟ್ಟುತ್ತಿದ್ದಳು.

ಲೀಗಿನ ಕಚೇರಿಗೆ ನನ್ನ ತಪ್ಪೊಪ್ಪಿಗೆ ಬರೆದು ಕೊಟ್ಟಿದ್ದೇನೆ. ರಾಮಯ್ಯನವರ ಪುಸ್ತಕದ ನಕಲನ್ನೂ ಲಗತ್ತಿಸಿದ್ದೇನೆ. ಇನ್ನು ಮೇಲೆ ಸ್ಕೋರು ಬರೆಯಲು ನನ್ನನ್ನು ಕರೆಯುವುದಿಲ್ಲವಂತೆ. ಸರಿಯಾಗಿದೆ.

ಈಗ ನಿನ್ನ ವಿಷಯ. ನಿನ್ನನ್ನೂ ನಾನು ಕ್ಷಮಿಸಿಲ್ಲ. ಹನ್ನೆರಡು ವರ್ಷ ಆ ಬೆಂಚಿನ ಮೇಲೆ ಕೂತು, ಚೀಟಿ ಎತ್ತದೆ ಆಟ ಶುರುವಾಗುವುದನ್ನು ದಿನಾ ನೋಡಿದೆ. ಸುಮ್ಮನೆ ನೋಡಿದವನಿಗೆ ಅಂಕ ಹಾಕುವ ಅಧಿಕಾರ ಎಲ್ಲಿಂದ ಬಂತು?

ಚಾಪೆ ಬೇಡ. ಬಸವರಾಜೇಶ್ವರಿಯವರಿಗೆ ನಮಸ್ಕಾರ ತಿಳಿಸು, ತಪ್ಪು ತಿಳಿಯಬಾರದು ಅನ್ನು. ಒಂದು ಸಲ ಈ ಹುಡುಗಿಯರು ನಿನ್ನ ಮನೆಯಿಂದ ಹೋದರೆ, ಮುಂದಿನ ವರ್ಷದವರಿಗೂ ಮೈದಾನದ ಹತ್ತಿರ ಒಂದು ಮನೆ ಬೇಕಾಗುತ್ತದೆ. ಅವರು ಕೆಂಗೇರಿಯಿಂದಲೇ ಬರಬೇಕು, ಬಂದದ್ದು ಎಲ್ಲರಿಗೂ ಕಾಣಬೇಕು. ಹಾಲಿನ ಟೆಂಪೋ ಓಡಿಸುವ ಚಿಕ್ಕಮುನಿಯಪ್ಪ ಮೈದಾನದ ಪಕ್ಕದ ವಿಜಯನಗರಕ್ಕೆ ದಿನಾ ಬೆಳಿಗ್ಗೆ ಆರಕ್ಕೆ ಮೊದಲೇ ಹಾಲು ಇಳಿಸಲು ಬರುತ್ತಾನೆ. ಕ್ರೇಟುಗಳ ನಡುವೆ ಐವರಿಗೆ ಜಾಗ ಮಾಡುತ್ತಾನಂತೆ. "ಹುಡುಗೀರು ಮೊಸರಾಗ್ದೆ ಇದ್ರೆ ಸಾಕು ಸಾಮಿ" ಅಂದ. ಆರು ತಿಂಗಳಲ್ಲಿ ನಾನು ನಕ್ಕಿದ್ದು ಅದೊಂದಕ್ಕೇ.

ನಿನ್ನಿಂದ ಬೇಕಾಗಿರುವುದು ಒಂಬತ್ತು ಚೀಟಿ. ಪರೀಕ್ಷೆಗೆ ಓಡುವ ಒಂಬತ್ತು ಹುಡುಗಿಯರ ಹೆಸರು ಬರೆದು, ಒಂದೇ ಅಳತೆಗೆ ಕತ್ತರಿಸಿ, ಒಂದೇ ಥರ ಮಡಚಿ ತಾ. ಬರೆಯುವ ಕೈ ನಿನ್ನದಿರಲಿ, ನನ್ನದು ಬೇಡ. ಚೀಟಿಗಳನ್ನು ರಾಮಯ್ಯನವರು ಎತ್ತಲಿ. ಅಲ್ಲಿಯವರೆಗೆ ಆ ಗೇಟು ಮುಚ್ಚುವ ಹಾಗಿಲ್ಲ, ಯಾಕೆಂದರೆ ಗೇಟಿನ ಹಾದಿಯಲ್ಲಿ ಇಬ್ಬರು ಮುದುಕರು ಕೂತಿರುತ್ತಾರೆ. ನಿನಗೆ ಮೊಣಕಾಲು ನೋವು ಅಂತ ಗೊತ್ತು. ಕೂರು.

ಮೊದಲ ಮೂವರಲ್ಲಿ ನೀಲಾಳ ಚೀಟಿ ಬರದಿದ್ದರೆ ನಾನು ಬಾಯಿ ತೆರೆಯುವುದಿಲ್ಲ. ಅವಳೂ ತೆರೆಯುವುದಿಲ್ಲ ಅಂದಿದ್ದಾಳೆ. ಮೂರನೇ ಮೂವರಲ್ಲಿ ಬಂದರೆ ಮೂರನೇ ಮೂವರಲ್ಲಿ ಓಡುತ್ತಾಳೆ. ಆದರೆ ಚೀಟಿಯಲ್ಲಿ ಹಾಗೆ ಬಂದದ್ದರಿಂದ ಕೊನೆಗೆ ಹೋಗಿರಬೇಕು, ಬಸ್ಸಲ್ಲಿ ಬಂದದ್ದರಿಂದ ಅಲ್ಲ.

ಔಟಾಗದೆ ಉಳಿದರೆ ನಕ್ಷತ್ರ ಹಾಕುವವನು ನೀನು. ನಿನ್ನ ಹಳೇ ಸ್ಟಾಪ್‌ವಾಚು ಕೀ ಕೊಟ್ಟು ತಾ.

ಭಾನುವಾರ, ಸೆಪ್ಟೆಂಬರ್ ಹದಿನೇಳು, ಬೆಳಿಗ್ಗೆ ಐದು ಮುಕ್ಕಾಲು. ಗೇಟಿನ ಹೊರಗೆ.

ದೇವೇಂದ್ರಪ್ಪ